ಸಿಕ್ಕಿಬೀಳುವ ಆಟ

ನಮ್ಮ ಓಣಿಯಲ್ಲಿ ಈಗ ಯಾರೂ ಜೋರಾಗಿ ಚಪ್ಪಾಳೆ ತಟ್ಟುವುದಿಲ್ಲ. ತಟ್ಟಿದರೆ ಒಂದು ಬಿಳಿ ಪಾರಿವಾಳ ಎಲ್ಲಿದ್ದರೂ ಗುಡುಗುಡು ನಡೆದು ಬಂದು, ಹತ್ತಿರ ನಿಂತವರ ತೋಳಿನೊಳಗೆ ನುಗ್ಗಲು ನೋಡುತ್ತದೆ. ಹೋದ ತಿಂಗಳು ಎದುರು ಮನೆಯ ಮಗುವಿನ ಹುಟ್ಟುಹಬ್ಬದಲ್ಲಿ, ಕೇಕು ಕತ್ತರಿಸುವ ಹೊತ್ತಿಗೆ ಸರಿಯಾಗಿ, ಅದು ಕರೆಂಟ್ ಬಿಲ್ಲು ಕೊಡಲು ಬಂದಿದ್ದವನ ಅಂಗಿಯ ತೋಳು ಹಿಡಿಯಿತು. ಅವನು ಕುಣಿದ ಕುಣಿತಕ್ಕೆ ಮಗು ಮೇಣದಬತ್ತಿ ಊದುವುದನ್ನೇ ಮರೆಯಿತು. ಪಾರಿವಾಳದ ತಪ್ಪೇನಿಲ್ಲ. ಚಪ್ಪಾಳೆ ಕೇಳಿದೊಡನೆ ತೋಳಿನೊಳಗೆ ಮಾಯವಾಗುವುದು ಅದರ ಉದ್ಯೋಗವಾಗಿತ್ತು. ಯಜಮಾನರು ಉದ್ಯೋಗ ಬಿಟ್ಟರು. ಅದಕ್ಕೆ ಯಾರೂ ತಿಳಿಸಿಲ್ಲ.

ಆ ಯಜಮಾನರ ಬಗ್ಗೆ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ, ಯಾಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ನಮ್ಮ ಓಣಿಗೆ ಅವರು ಕಾಕಾ. ಬೀದರ್, ಭಾಲ್ಕಿ, ಔರಾದ ಸುತ್ತಿನ ಶಾಲೆಗಳಿಗೆ ಜಾದೂಗಾರರು. ಅವರ ತಗಡಿನ ಟ್ರಂಕಿನ ಮೇಲೆ ಒಂದು ಕಾಲಕ್ಕೆ ಕೆಂಪು ಬಣ್ಣದಲ್ಲಿ ‘ಪ್ರೊಫೆಸರ್’ ಎಂದೂ ಅದರ ಮುಂದೆ ಹೆಸರೂ ಬರೆದಿತ್ತಂತೆ. ಬಸ್ಸಿನ ಮೇಲೆ ಏರಿ ಇಳಿದು ಹೆಸರು ಉಜ್ಜಿಹೋಗಿ ಪದವಿ ಮಾತ್ರ ಉಳಿದಿತ್ತು. ನಾನು ಔರಾದದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಸೇರಿದ ದಿನ ಅವರು ಆ ಟ್ರಂಕನ್ನು ತಟ್ಟಿ ಹೇಳಿದರು:

“ನೋಡ್ ಬೇಟಾ, ನಿಮ್ಮಪ್ಪನ ಮದುವಿಗಿಂತ ಮೊದಲೇ ನಾ ಪ್ರೊಫೆಸರ್ ಆದಾಂವ. ನೀ ಇನ್ನಾ ಗೆಸ್ಟ್. ನಮಸ್ಕಾರ ಮಾಡು.”

ಮಾಡಿದೆ. ಅವರು ನನ್ನ ಕಿವಿಯ ಹಿಂದಿನಿಂದ ಒಂದು ಸೀಮೆಸುಣ್ಣ ತೆಗೆದುಕೊಟ್ಟು ಆಶೀರ್ವಾದ ಮಾಡಿದರು.

ಅವರ ಪರಿಚಯವಾದದ್ದು ಅದಕ್ಕೂ ಕೆಲವು ವರ್ಷ ಮೊದಲು, ನಾನು ಬಿ.ಎಸ್ಸಿ. ಓದುತ್ತಿದ್ದಾಗ. ಬೀದರಿನ ನಮ್ಮ ಚರ್ಚಿನ ಅಂಗಳದಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಅವರ ಆಟವಿತ್ತು. ಜರಿ ಟೋಪಿ, ಮೊಳಕಾಲವರೆಗಿನ ನೇರಳೆ ಬಣ್ಣದ ಕೋಟು, ಕಾಲಿಗೆ ರಬ್ಬರ್ ಚಪ್ಪಲಿ. ಒಂದು ಲೋಟದ ತಿಳಿನೀರನ್ನು ಇನ್ನೊಂದು ಲೋಟಕ್ಕೆ ಸುರಿದು ಮಂತ್ರ ಹಾಕಿದರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಅಂಗಳವೆಲ್ಲ ಹೋ ಎಂದಿತು. ಹಿಂದಿನ ವಾರವಷ್ಟೇ ಕಾಲೇಜಿನ ಪ್ರಯೋಗಾಲಯದಲ್ಲಿ ಅದೇ ಗುಲಾಬಿ ಬಣ್ಣವನ್ನು ನಾನು ಹನಿಹನಿಯಾಗಿ ಬರಿಸಿದ್ದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ತಮ್ಮ ತೋಳು ಜಗ್ಗಿ, “ಅಕ್ಕಾ, ಹ್ಯಾಂಗಾತು?” ಎಂದ. “ಗೊತ್ತಿಲ್ಲ” ಎಂದೆ.

ಆಟ ಮುಗಿದ ಮೇಲೆ ಅವರು ಚಾದ ಕಪ್ಪು ಹಿಡಿದು ನೇರ ನನ್ನ ಹತ್ತಿರ ಬಂದರು.

“ನಿನಗ ಗೊತ್ತಿತ್ತು.”

“ಏನ್ರಿ?”

“ನೀರ್ ಕೆಂಪಾದಾಗ ಎಲ್ಲಾರೂ ಕೆಂಪು ಲೋಟ ನೋಡಿದ್ರು. ನೀ ಖಾಲಿ ಲೋಟ ನೋಡ್ದಿ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇಂಥ ಮಂದಿ ನನಗ ಭಾಳ ಸಿಕ್ಕಿಲ್ಲ ಬೇಟಾ.”

ನಾನು ಕಡಿಮೆ ಮಾತಿನವಳು. ಮನೆಯಲ್ಲಿ ಅದನ್ನು ಒಂದು ಕೊರತೆ ಎಂದೇ ಎಣಿಸುತ್ತಿದ್ದರು. ಅದೂ ಒಂದು ಅರ್ಹತೆ ಇರಬಹುದೆಂದು ಮೊದಲು ಹೇಳಿದವರು ಅವರು. ಮರುವರ್ಷ ಅವರೂ, ನಾವೆಲ್ಲ ಕಾಕು ಎನ್ನುವ ಅವರ ಹೆಂಡತಿಯೂ ನಮ್ಮ ಓಣಿಗೇ ಬಾಡಿಗೆಗೆ ಬಂದರು. ಆಮೇಲೆ ನಾನು ಔರಾದದ ಬಸ್ಸು ಹಿಡಿಯಲು ತೊಡಗಿದ ಮೇಲೆ, ಎಷ್ಟೋ ಬೆಳಿಗ್ಗೆ ಅವರು, ಟ್ರಂಕು, ಪಂಜರದಲ್ಲಿ ರಾಣಿ ಎಂಬ ಆ ಪಾರಿವಾಳ, ನಾನು, ಎಲ್ಲರೂ ಒಂದೇ ಬಸ್ಸಿನಲ್ಲಿರುತ್ತಿದ್ದೆವು.

ಬಸ್ಸಿನಲ್ಲಿ ಅವರಿಗೆ ಸ್ವಲ್ಪವೂ ಬಿಡುವಿರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಹೊಸತರಲ್ಲಿ ಒಬ್ಬ ಕಂಡಕ್ಟರ್ ಪಂಜರಕ್ಕೆ ಟಿಕೆಟ್ಟು ಕೇಳಿದ.

“ಯಾತರ ಟಿಕೀಟ್? ಆಕಿ ಹೆಣ್ಣು. ಹೆಣ್ಮಕ್ಕಳಿಗಿ ಪುಕ್ಕಟ ಅದ ಅಂತ ಸರ್ಕಾರ ಹೇಳ್ಯಾದ.”

ಕಂಡಕ್ಟರ್ ನಗಲಿಲ್ಲ. “ಆಧಾರ್ ತೋರಸ್ರಿ.”

ಕಾಕಾ ಗಂಭೀರವಾಗಿ ಕೋಟಿನ ಜೇಬಿಗೆ ಕೈಹಾಕಿ ಒಂದು ಕಾರ್ಡು ತೆಗೆದರು. ಅದರಲ್ಲಿ ರಾಣಿಯ ಫೋಟೋ ಅಂಟಿಸಿತ್ತು, ಕೆಳಗೆ ಖಾಯಂ ವಿಳಾಸ ‘ಬಲಗೈ ತೋಳು’ ಎಂದಿತ್ತು. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, “ಫೋಟೋದಾಗ ಮುಖ ಸರಿ ಕಾಣವಲ್ದು, ಹೊಸಾದು ಮಾಡಸ್ರಿ” ಎಂದು ಟಿಕೆಟ್ಟು ಹರಿದೇಬಿಟ್ಟ.

ಅವರ ಮಂತ್ರವೂ ಬಸ್ಸಿನದ್ದೇ. “ಜನವಾಡ, ಕೌಠಾ, ಸಂತಪುರ, ಹಲಬರ್ಗಾ!” ಎಂದು ಕಣ್ಣು ಮುಚ್ಚಿ, ಕೊನೆಯ ‘ಬರ್ಗಾ’ವನ್ನು ಎಳೆದು ಕೈ ಬಿಡಿಸಿದರೆ ಕರವಸ್ತ್ರ ಹೂವಾಗುತ್ತಿತ್ತು. ಊರಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಒಬ್ಬ ಅಧಿಕಾರಿ ಅದನ್ನು ಯಾವುದೋ ಹಳೆಯ ತಂತ್ರಶಾಸ್ತ್ರದ ಬೀಜಮಂತ್ರವೆಂದು ನಂಬಿ ಅರ್ಥ ಕೇಳಿದರಂತೆ. ಕಾಕಾ, “ಅರ್ಥ ತಿಳೀಬೇಕಂದ್ರ ಮುಂಜಾನಿ ಮೊದಲ ಬಸ್ಸಿಗಿ ಬರ್ರಿ ಸಾಹೇಬ್ರ” ಎಂದರಂತೆ. ನಮ್ಮ ಕಡೆಯ ಮಕ್ಕಳಿಗೆ ಮಾತ್ರ ಮಂತ್ರ ಅರ್ಥವಾಗುತ್ತಿತ್ತು. ತಮ್ಮ ಊರಿನ ಹೆಸರು ಬಂದಾಗ ಅವರು ಎದ್ದುನಿಂತು ಕೂಗುತ್ತಿದ್ದರು.

ಬೀದರಿನಲ್ಲಿ ಅವರು ಆಟವನ್ನು ದಖನಿ ಉರ್ದುವಿನಲ್ಲಿ ಶುರುಮಾಡಿ ಕನ್ನಡಕ್ಕೆ ಇಳಿಯುತ್ತಿದ್ದರು. ಔರಾದದಲ್ಲಿ ಮರಾಠಿಯಿಂದ ಕನ್ನಡಕ್ಕೆ. ಭಾಲ್ಕಿಯಲ್ಲಿ ಎರಡನ್ನೂ ಕಲಸಿ. ಆದರೆ ಮೊಟ್ಟೆ ಮಾಯವಾಗುವಾಗ ಯಾವ ಭಾಷೆಯನ್ನೂ ಆಡುತ್ತಿರಲಿಲ್ಲ. “ಆಗ ಮಂದಿ ಕಿವಿ ಮುಚ್ಚಿರ್ತದ, ಬರೀ ಕಣ್ಣು” ಎನ್ನುತ್ತಿದ್ದರು.

ಆ ಮೊಟ್ಟೆಯ ಆಟವನ್ನೇ ಈಗ ಹೇಳಬೇಕು.

ಅದು ಹೀಗೆ. ಬಲಗೈಯಲ್ಲಿ ಮೊಟ್ಟೆ ಹಿಡಿದು, ಕರವಸ್ತ್ರ ಮುಚ್ಚಿ, ಮಂತ್ರ ಹಾಕಿ ಕರವಸ್ತ್ರ ಝಾಡಿಸಿದರೆ ಮೊಟ್ಟೆ ಇಲ್ಲ. ಚಪ್ಪಾಳೆ ಬೀಳುವಷ್ಟರಲ್ಲಿ ಗುಂಪಿನ ಹಿಂದಿನಿಂದ ಯಾವುದಾದರೂ ಮಗು ಕೂಗುತ್ತಿತ್ತು: “ಬಗಲಾಗ ಅದ! ಬಗಲಾಗ!” ಕಾಕಾ ತಡವರಿಸುತ್ತಿದ್ದರು. ಎಡಗೈ ಎತ್ತಲು ಒಲ್ಲೆನೆನ್ನುತ್ತಿದ್ದರು. ಮಕ್ಕಳೆಲ್ಲ ಒತ್ತಾಯ ಮಾಡಿದಾಗ ಮೆಲ್ಲಗೆ ಎತ್ತಿದರೆ ಕಂಕುಳಿನಿಂದ ಮೊಟ್ಟೆ ಜಾರಿ ನೆಲಕ್ಕೆ ಬಿದ್ದು ಒಡೆಯುತ್ತಿತ್ತು. ಅವರು ತಲೆಯ ಮೇಲೆ ಕೈ ಹೊತ್ತು, “ಮಾನ ಹೋತಲ್ಲೋ ಯಪ್ಪಾ!” ಎಂದು ಕೂತುಬಿಡುತ್ತಿದ್ದರು. ಆಮೇಲೆ ಹಿಡಿದುಕೊಟ್ಟ ಮಗುವನ್ನು ಮುಂದೆ ಕರೆದು, ಕುರ್ಚಿ ಹಾಕಿಸಿ, “ಇವತ್ತಿನ ಇನ್ಸ್‌ಪೆಕ್ಟರ್ ಇವರೇ. ನಾ ಮತ್ತ ಮೋಸ ಮಾಡದಂಗ ಕಾಯಬೇಕ್ರಿ ಸಾಹೇಬ್ರ” ಎಂದು ಸಲಾಮು ಹೊಡೆಯುತ್ತಿದ್ದರು. ಮಗು ಆಟ ಮುಗಿಯುವವರೆಗೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿತ್ತು.

ಇದನ್ನು ನಾನು ಮೊದಲು ಚರ್ಚಿನಲ್ಲಿ ನೋಡಿದಾಗ ಅವರಿಗೆ ವಯಸ್ಸಾಯಿತು ಪಾಪ ಎಂದುಕೊಂಡಿದ್ದೆ. ಮುಂದೆ ಸಂತಪುರದ ಹತ್ತಿರ ನಮ್ಮ ಕಾಲೇಜಿನ ಶಿಬಿರ ನಡೆದಾಗ ಅಲ್ಲಿಯ ಶಾಲೆಯಲ್ಲಿ ಮತ್ತೆ ನೋಡಿದೆ. ಅದೇ ಮೊಟ್ಟೆ, ಅದೇ ಕಂಕುಳು, ಮತ್ತೆ ಹಿಂದಿನ ಸಾಲಿನ ಒಂದು ಮಗು. ಒಂದೇ ಪ್ರಯೋಗ ಎರಡು ಸಲ ಒಂದೇ ಫಲಿತಾಂಶ ಕೊಟ್ಟರೆ ಅದನ್ನು ಆಕಸ್ಮಿಕವೆನ್ನಲು ನನ್ನ ಓದು ಬಿಡುವುದಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ಮೆಲುದನಿಯಲ್ಲಿ ಕೇಳಿದೆ:

“ಕಾಕಾ, ತತ್ತಿ ಬೇಕಂತೇ ಬೀಳಸ್ತೀರಿ ಅಲ್ರಿ?”

ಅವರು ಕಿಟಕಿಯ ಹೊರಗೆ ನೋಡಿದರು. ಬಸ್ಸು ಕೌಠಾದ ಸೇತುವೆ ದಾಟುತ್ತಿತ್ತು, ಕೆಳಗೆ ಮಾಂಜ್ರಾ ತುಂಬಿ ಹರಿಯುತ್ತಿತ್ತು. ನದಿ ದಾಟಿದ ಮೇಲೆ ಹೇಳಿದರು:

“ಮೊದಲನೇ ಸಲ ಖರೇನೇ ಬಿದ್ದಿತ್ತು.”

ಆಗ ಅವರು ಇನ್ನೂ ಹೊಸಬರು. ಔರಾದದ ಕಡೆಯ ಒಂದು ಹಳ್ಳಿ. ಹೆಸರು ಅವರು ಹೇಳಲಿಲ್ಲ. ಚಾವಡಿಯ ಮುಂದೆ ಆಟ. ಊರಿನ ಹಿರಿಯರೊಬ್ಬರು ಕುರ್ಚಿಯಲ್ಲಿ ಕೂತು, ಇವನ ಆಟ ಎಲ್ಲ ನನಗೆ ಗೊತ್ತು ಎಂದು ಬಾರಿಬಾರಿಗೆ ಹೇಳುತ್ತಿದ್ದರು. ಊರ ಮಕ್ಕಳೆಲ್ಲ ಚಾವಡಿಯ ಅಂಗಳದಲ್ಲಿ. ಕೆಲವು ಮಕ್ಕಳು ಮಾತ್ರ ರಸ್ತೆಯ ಆಚೆ ನಿಂತಿದ್ದರು. ಯಾಕೆ ಆಚೆ ಎಂದು ಯಾರೂ ಕೇಳುವ ಕಾಲವಲ್ಲ ಅದು. ಮೊಟ್ಟೆ ಮಾಯವಾಯಿತು, ಹಿರಿಯರೂ ಬಾಯಿ ತೆರೆದರು. ಆಗ ರಸ್ತೆಯ ಆಚೆಯಿಂದ ಒಂದು ಹುಡುಗಿ ಕೂಗಿತು.

“ಮುದುಕಪ್ಪ ಒದರಿದಾ, ‘ಎಲ್ಲದ, ಎಲ್ಲದ? ಬಂದು ತೋರಸು’ ಅಂತ. ಆ ಪೋರಿ ರಸ್ತಾ ದಾಟಿ ಓಡಿ ಬಂತು. ನನ್ನ ಬಗಲಾಗ ಬೊಟ್ಟು ಇಟ್ಟಳು. ತತ್ತಿ ಬಿತ್ತು. ಇಡೀ ಊರು ನಕ್ಕಿತು ಬೇಟಾ, ಈ ಕಡಿದೂ, ಆ ಕಡಿದೂ. ಮುದುಕಪ್ಪ ಅಂದಾ, ‘ಇಲ್ಲೇ ಮುಂದ ಕೂಡು, ಇವ ಮತ್ತ ಮೋಸ ಮಾಡಿದ್ರ ಹೇಳು.’ ಆಕಿ ಕುಂತಳು. ಆಕಿನ ಹಿಂದ ಉಳದ ಹುಡುಗೂರೂ ಬಂದು ಕುಂತರು. ಯಾರೂ ಏಳು ಅನ್ನಲಿಲ್ಲ. ಆಟ ನೋಡೋ ಖುಷಿನ್ಯಾಗ ಯಾರಿಗೂ ಖಬರೇ ಇಲ್ಲ.”

“ನಿಮಗ ಕೆಟ್ಟ ಅನಿಸಲಿಲ್ರಿ?”

“ಅವತ್ತು ಅತ್ತೀನಿ. ಕೆಲಸಾನೇ ಬಿಡಬೇಕಂತ ಮಾಡಿದ್ದೆ. ನಿಮ್ಮ ಕಾಕುನೇ ಅಂದಳು, ತತ್ತಿ ಬೀಳೋದು ಆಟದಾಗೇ ಸೇರಸರಿ ಅಂತ.”

ಅಂದಿನಿಂದ ಆ ಮೊಟ್ಟೆ ಎಲ್ಲ ಆಟಗಳಲ್ಲೂ ಬಿದ್ದಿದೆ. ಅದಕ್ಕೆ ಅವರದೇ ಕಟ್ಟುನಿಟ್ಟಿನ ನಿಯಮಗಳಿದ್ದವು. ಒಂದು ಶಾಲೆಯಲ್ಲಿ ಆಡಿದರೆ ಅಲ್ಲಿಯ ಮಕ್ಕಳು ಶಾಲೆ ಬಿಟ್ಟುಹೋಗುವವರೆಗೆ ಮತ್ತೆ ಆ ಶಾಲೆಗೆ ಹೋಗುವುದಿಲ್ಲ. ಆಟ ಶುರುವಾದ ಮೇಲೆ ಮೊದಲ ಕೆಲಸ, ಎಲ್ಲರಿಗಿಂತ ದೂರ ಕೂತಿರುವ, ಬಾಯಿ ಬಿಡದ ಮಗುವನ್ನು ಹುಡುಕುವುದು. ಮೊಟ್ಟೆ ಕಂಕುಳಿಗೆ ಹೋಗುವಾಗ ಮೈಯನ್ನು ಆ ಮಗು ಒಂದಕ್ಕೇ ಕಾಣುವಷ್ಟು ತಿರುಗಿಸುವುದು. ಮಿಕ್ಕದ್ದು ಮಗುವಿಗೆ ಬಿಟ್ಟದ್ದು.

ಇದರಿಂದ ಏನಾಗಿತ್ತೆಂದರೆ, ಮೂರೂ ತಾಲೂಕುಗಳ ತುಂಬ, ಜಾದೂಗಾರನನ್ನು ಜೀವನದಲ್ಲಿ ತಾನೊಬ್ಬನೇ ಹಿಡಿದವನು ಎಂದು ನಂಬಿದ ದೊಡ್ಡವರು ಹರಡಿಕೊಂಡಿದ್ದರು. ಇದು ತಿಳಿದ ಮೇಲೆ ಅವರೊಡನೆ ಪ್ರಯಾಣ ಮಾಡುವುದೇ ನನಗೊಂದು ಹಬ್ಬವಾಯಿತು. ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಭಜಿ ಕರಿಯುವವನು ಜಾಲರಿ ಎತ್ತಿ ಕೂಗುತ್ತಿದ್ದ: “ಪ್ರೊಫೆಸರ್ ಸಾಬ್, ನೆನಪ ಅದ ಏನ್ರಿ? ನಾ ನಿಮ್ಮ ಇನ್ಸ್‌ಪೆಕ್ಟರ್!” ಮನ್ನಳ್ಳಿಯ ನರ್ಸೊಬ್ಬರು ಬಿ.ಪಿ. ನೋಡುತ್ತ ಅದನ್ನೇ ಹೇಳಿದರು. ಆಧಾರ್ ಕೇಳಿದ ಆ ಕಂಡಕ್ಟರ್ ಕೂಡ ಒಂದು ದಿನ ಟಿಕೆಟ್ಟು ಹರಿಯುತ್ತ ಕಿವಿಯಲ್ಲಿ ಹೇಳಿದ: “ನಾಲ್ಕನೇತ್ತೆ ಇದ್ದಾಗ ಹಿಡದಿದ್ದೆ. ಅವತ್ತಿಂದ ಯಾರ ಮ್ಯಾಲೂ ನಂಬಿಕಿ ಇಲ್ಲ ನನಗ. ಅದಕ್ಕೇ ಆಧಾರ್ ಕೇಳೋದು.” ಪ್ರತಿಯೊಬ್ಬರಿಗೂ ಕಾಕಾ ಕೊಡುತ್ತಿದ್ದ ಉತ್ತರ ಒಂದೇ, ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು: “ಮರೀತೀನೇನಪ್ಪಾ? ಜೀವಮಾನದಾಗ ಒಮ್ಮೆ ಮಾನ ಹೋಗಿತ್ತು, ನಿನ್ನ ಕೈಯ್ಯಾಗ.”

ಹಾಗೆ ಹೇಳಿಸಿಕೊಂಡವರು ಇಡೀ ದಿನ ಎದೆಯುಬ್ಬಿಸಿ ಓಡಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ದೇಶ ಬದಲಾದ ಬಗ್ಗೆ ಅವರನ್ನು ಕೇಳಿದವರು ಬಹಳ. ಆಗ ಚಂದವಿತ್ತು, ಈಗ ಕೆಟ್ಟಿತು ಎಂದು ಅವರು ಹೇಳಲಿ ಎಂಬುದೇ ಕೇಳುವವರ ಆಸೆ. ಅವರು ಹಾಗೆ ಹೇಳುತ್ತಿರಲಿಲ್ಲ. “ಮೊದಲ ಸ್ಟೇಜಿನ ಮ್ಯಾಲ ಬಾ ಅಂದ್ರ ಹುಡುಗ್ಯಾರು ಒಬ್ಬರ ಹಿಂದ ಒಬ್ಬರು ಅಡಗ್ತಿದ್ರು. ಈಗ ಕರೀದೇನೇ ಬರ್ತಾರ, ತೋಳಾಗ ಕೈ ಹಾಕಿ ಹುಡುಕ್ತಾರ. ಕಳೆದ ವರ್ಷ ಒಬ್ಬಾಕಿ ನನ್ನ ಹಲ್ಲಿನ ಸೆಟ್ ತೆಗೀರಿ, ಅದರಾಗ ನಾಣ್ಯ ಅದ ಅಂದಳು. ಇದಕ್ಕಿಂತ ದೇಶ ಇನ್ನೇನು ಮುಂದ ಬರಬೇಕು?” ಮೊಬೈಲಿನ ಬಗ್ಗೆಯೂ ಅವರಿಗೆ ಸಿಟ್ಟಿರಲಿಲ್ಲ. ಹುಡುಗರು ಮೊಬೈಲಿನಲ್ಲಿ ನೋಡಿದ ಜಾದೂವನ್ನು ಅವರಿಗೆ ತೋರಿಸಿದರೆ ಬಾಯಿಗೆ ಬೆರಳಿಟ್ಟು ನೋಡಿ, “ಹ್ಯಾಂಗ ಮಾಡ್ದಾ ಅಂವ?” ಎಂದು ಆ ಹುಡುಗರನ್ನೇ ಕೇಳುತ್ತಿದ್ದರು.

ಒಂದೇ ಒಂದು ವಿಷಯಕ್ಕೆ ಅವರು ಬೇಸರಪಟ್ಟದ್ದನ್ನು ನೋಡಿದ್ದೇನೆ. ಅವರು ಚರ್ಚಿನ ಅಂಗಳ, ಬುದ್ಧ ವಿಹಾರ, ಉರುಸು, ಗಣಪತಿ ಪೆಂಡಾಲು ಎಲ್ಲ ಕಡೆಯೂ ಅದೇ ಜರಿ ಟೋಪಿಯಲ್ಲಿ ಆಡಿದವರು. ಒಮ್ಮೆ ಆಟ ಗೊತ್ತುಮಾಡಲು ಬಂದ ಒಬ್ಬ ಯುವಕ, ಆ ಟೋಪಿ ಬೇಡ, ಬೇರೆ ಥರದ್ದು ಹಾಕಿಕೊಳ್ಳಿ ಎಂದ. ಕಾಕಾ ಹೂಂ ಎಂದರು, ಬೇರೆಯದು ಹಾಕಿಕೊಂಡರು, ಆಡಿ ಬಂದರು. ಸಂಜೆ ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದರು: “ಮೊದಲ ಟೋಪಿನ್ಯಾಗಿಂದ ಏನ್ ಬಂತು ಅಂತ ನೋಡ್ತಿದ್ರು. ಈಗ ಟೋಪಿ ಯಾರ್ದು ಅಂತ ನೋಡ್ತಾರ.” ಅವರ ಮನೆಯ ಗೋಡೆಯ ಮೇಲೆ ಯಾರ ಫೋಟೋ ಇದೆಯೆಂದು ನಾನೂ ಇಲ್ಲಿ ಬರೆಯುವುದಿಲ್ಲ. ಕಾಕು ಒಳಗಿನಿಂದಲೇ ಕೂಗಿದರು: “ಟೋಪಿ ಚಿಂತಿ ಬಿಡ್ರಿ. ಇಷ್ಟು ವರ್ಷ ಟೋಪಿನ್ಯಾಗ ಕೈ ಹಾಕಿ ಮನಿಗಿ ಒಂದು ಸೇರು ಅಕ್ಕಿ ತೆಗದೀರೇನು?” ಕಾಕಾ ನಕ್ಕರು. ಬೇಸರ ಅಲ್ಲಿಗೇ ಮುಗಿಯಿತು.

ಆಮೇಲೆ ಬಂದದ್ದು ಆ ವಿಡಿಯೋ.

ಭಾಲ್ಕಿಯ ಒಂದು ಶಾಲೆಯಲ್ಲಿ ಮೊಟ್ಟೆ ಬಿದ್ದುದನ್ನು ಯಾರೋ ಮೊಬೈಲಿನಲ್ಲಿ ಹಿಡಿದು, ನಗುವಿನ ಸಂಗೀತ ಸೇರಿಸಿ, ‘ಜಾದೂಗಾರನ ಮೋಸ ಬಯಲು’ ಎಂದು ಹೆಸರಿಟ್ಟು ಹರಿಬಿಟ್ಟರು. ಎರಡು ದಿನಗಳಲ್ಲಿ ಅದು ನನ್ನ ವಿದ್ಯಾರ್ಥಿಗಳ ಮೊಬೈಲಿಗೂ ಬಂತು. ಮೊದಲೇ ಗೊತ್ತುಮಾಡಿದ್ದ ಆಟಗಳನ್ನು ಶಾಲೆಗಳವರು ಒಬ್ಬೊಬ್ಬರಾಗಿ ಬೇಡವೆಂದರು. ಮೋಸಗಾರನನ್ನು ಮಕ್ಕಳ ಮುಂದೆ ಯಾಕೆ ನಿಲ್ಲಿಸಬೇಕೆಂದು ಒಬ್ಬರು ಫೋನಿನಲ್ಲೇ ಕೇಳಿದರು. ಇಷ್ಟು ವರ್ಷ ಓಡಾಡಿ ಗಳಿಸಿದ ಹೆಸರು, ಒಂದು ಮೊಟ್ಟೆಯಲ್ಲಿ ಹೋಗುವಂತಾಯಿತು.

ನಾನು ಅವರ ಮನೆಗೆ ಹೋಗಿ ವಿಡಿಯೋ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಮೊಬೈಲನ್ನು ದೂರ ಹಿಡಿದು, ಕೊನೆಯವರೆಗೆ ನೋಡಿದರು. ಮತ್ತೊಮ್ಮೆ ಹಾಕು ಎಂದರು.

“ಆ ಹುಡುಗಿ ಮುಖ ನೋಡು ಬೇಟಾ. ನಾ ಸ್ಟೇಜಿನ ಮ್ಯಾಲ ಇರ್ತೇನಿ, ಬಗ್ಗಿರ್ತೇನಿ, ಮುಖ ಸರಿ ಕಾಣಲ್ಲ ನನಗ. ಇವತ್ತೇ ನೋಡಿದ್ದು. ನೋಡ್ ನೋಡ್, ಕುರ್ಚಿ ಮ್ಯಾಲ ಕುಂತು ಕಾಲ ಅಲ್ಲಾಡಸ್ಲತ್ತಾಳ.”

“ಕಾಕಾ, ಮಂದಿ ನಿಮಗ ಮೋಸಗಾರ ಅನ್ಲತ್ತಾರ.”

“ಜಾದೂಗಾರ ಇನ್ನೇನು ಸಾಧು ಏನು?”

ನಾನು ಆಗಲೇ ಉತ್ತರ ಬರೆದಿಟ್ಟುಕೊಂಡಿದ್ದೆ. ಆ ವಿಡಿಯೋದ ಕೆಳಗೆ ಹಾಕಲು ಬಹಳ ಯೋಚಿಸಿ ಬರೆದ ನಾಲ್ಕು ಸಾಲು: ಮೊಟ್ಟೆ ಬೀಳುವುದು ಆಟದ ಭಾಗ, ಇದನ್ನು ಅವರು ಬೇಕೆಂದೇ ಮಾಡುತ್ತಾರೆ, ಕಾರಣ ಇಂಥದ್ದು. ಯಾರ ಬಗ್ಗೆಯೂ ಎಲ್ಲಿಯೂ ಒಂದು ಸಾಲು ಬರೆಯದ ನಾನು, ಅಂದು ಬರೆದಿದ್ದೆ. ಓದಿ ಹೇಳಿದೆ. ಅವರು ನನ್ನ ಕೈಯಿಂದ ಮೊಬೈಲು ತೆಗೆದು ಹಾಸಿಗೆಯ ಮೇಲೆ ಬೋರಲು ಹಾಕಿದರು.

“ಭಜಿ ಅಂಗಡ್ಯಾಂವ ಇದನ್ನ ಓದ್ತಾನಲ್ಲ?”

“ಓದ್ತಾರ್ರಿ.”

“ಆ ನರ್ಸಮ್ಮ? ಕಂಡಕ್ಟರ್?”

ಹೌದೆಂದು ತಲೆಯಾಡಿಸಿದೆ.

“ಅವರೆಲ್ಲ ಏನು ಹಿಡದಂಗಾತು? ನಾ ಹಿಡಕೊಟ್ಟೆ ಅಂತ ಆಗ್ತದ. ಕೊಟ್ಟದ್ದನ್ನ ಕಸಗೊಂಡಂಗ ಆಗ್ತದ ಬೇಟಾ. ನನ್ನ ಹೆಸರ ಏನು, ಟ್ರಂಕಿನ ಮ್ಯಾಲಿಂದೇ ಉಜ್ಜಿ ಹೋಗ್ಯಾದ. ನೀ ಕೆಂಪು ನೀರಿಗಿ ಸುಮ್ಮ ಕುಂತಾಕಿ. ಇದಕ್ಕೂ ಕೂಡು.”

ಕೂತೆ. ಮೌನ ನನ್ನ ಸ್ವಭಾವವೆಂದು ಎಲ್ಲರೂ ತಿಳಿದಿದ್ದಾರೆ. ಅದು ಕಷ್ಟದ ಕೆಲಸವೆಂದು ಆ ವಾರ ನನಗೆ ತಿಳಿಯಿತು.

ಉಳಿದದ್ದು ಒಂದೇ ಆಟ, ಔರಾದದ ಒಂದು ಪ್ರಾಥಮಿಕ ಶಾಲೆಯದು. ಅದರ ಮುಖ್ಯೋಪಾಧ್ಯಾಯಿನಿ ರದ್ದು ಮಾಡಿರಲಿಲ್ಲ. ಆದರೆ ಅಲ್ಲಿಯ ಮಕ್ಕಳೂ ವಿಡಿಯೋ ನೋಡಿದ್ದರು, ಮೊಟ್ಟೆಗಾಗಿಯೇ ಕಾಯುತ್ತಿದ್ದರು. ಆ ಮಧ್ಯಾಹ್ನ ನನಗೆ ತರಗತಿ ಇರಲಿಲ್ಲ, ಹೋದೆ. ಮುಖ್ಯೋಪಾಧ್ಯಾಯಿನಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಇನ್ನೂ ಆಟ ಶುರುವಾಗುವ ಮೊದಲೇ ಕಿವಿಯಲ್ಲಿ ಹೇಳಿದರು:

“ಎಲ್ಲಾರೂ ಬ್ಯಾಡ ಅಂದ್ರು. ನಾ ಹ್ಯಾಂಗ ಬ್ಯಾಡ ಅನ್ಲಿರಿ? ನಾ ಸಣ್ಣಾಕಿ ಇದ್ದಾಗ ಇವರನ್ನ ಹಿಡದಾಕಿನೇ ನಾ.”

“ಹೌದ್ರಿ?”

“ಬಗಲಾಗೇ ಇತ್ತು. ಅವಾಗೇ ಹೇಳಿದ್ದೆ, ಬಗಲು ಬಿಗಿ ಹಿಡೀರಿ ಅಂತ. ಇಷ್ಟು ವರ್ಷ ಆದ್ರೂ ಸುಧಾರಿಸಿಲ್ಲ ನೋಡ್ರಿ. ಭಾಲ್ಕಿ ಹುಡುಗಿ ಮತ್ತ ಹಿಡದಾಳ!”

ಅವರ ದನಿಯಲ್ಲಿ ತಮ್ಮ ದಾಖಲೆ ಮುರಿದ ಸಣ್ಣ ನೋವೂ ಇತ್ತು.

ಆಟ ನಡೆಯಿತು. ಹೂವು, ಹಗ್ಗ, ರಾಣಿ, ಗುಲಾಬಿ ನೀರು. ಯಾರ ಗಮನವೂ ಅದರ ಮೇಲಿಲ್ಲ. ಯುವ ಶಿಕ್ಷಕರೊಬ್ಬರು ಮೊಬೈಲು ಎತ್ತಿ ಹಿಡಿದೇ ನಿಂತಿದ್ದರು. ಕಾಕಾ ಟ್ರಂಕಿನಿಂದ ಮೊಟ್ಟೆ ತೆಗೆದದ್ದೇ ತಡ, ಹಾಲ್ ಪೂರ ಎದ್ದು ನಿಂತಿತು. ಕರವಸ್ತ್ರ, ಮಂತ್ರ. “ಹಲಬರ್ಗಾ!” ಮೊಟ್ಟೆ ಇಲ್ಲ.

“ಬಗಲಾಗ! ಬಗಲಾಗ ಅದ!” ಶಾಲೆಯ ಪತ್ರಾಸ್ ತಗಡಿನ ಮಾಡು ಹಾರಿಹೋಗುವಂತೆ ಕೂಗಿದರು.

ಕಾಕಾ ಎಡಗೈ ಎತ್ತಿದರು. ಏನೂ ಇಲ್ಲ. ಬಲಗೈ ಎತ್ತಿದರು. ಕೋಟನ್ನೇ ಬಿಚ್ಚಿ ಝಾಡಿಸಿದರು. ಬನಿಯನ್ನಿನಲ್ಲಿ ನಿಂತ ಮುದುಕರನ್ನು ನೋಡಿ, ಎದ್ದು ನಿಂತಿದ್ದ ಮಕ್ಕಳು ಒಬ್ಬೊಬ್ಬರಾಗಿ ಕೂತರು. ಅವರು ಮೆಲ್ಲಗೆ ಕೆಳಗಿಳಿದು ಬಂದು ಮುಖ್ಯೋಪಾಧ್ಯಾಯಿನಿಯ ಮುಂದೆ ಬಾಗಿದರು.

“ಮೇಡಂ, ಸಾಲಿಗಿ ಬರೂವಾಗ ಬ್ಯಾಗಿನ್ಯಾಗ ತತ್ತಿ ತರಬಾರದ್ರಿ.”

ಮುಖ್ಯೋಪಾಧ್ಯಾಯಿನಿ ತಮ್ಮ ಬ್ಯಾಗಿನ ಝಿಪ್ ತೆಗೆದರು. ಕನ್ನಡಕದ ಡಬ್ಬಿ, ಕರವಸ್ತ್ರ, ಅದರ ನಡುವೆ ಬೆಳ್ಳನೆಯ ಒಂದು ಮೊಟ್ಟೆ. ಅದು ಅಲ್ಲಿಗೆ ಹೇಗೆ ಹೋಯಿತೆಂದು ನಾನು ಹೇಳುವುದಿಲ್ಲ. ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ ಎಂದಷ್ಟೇ ಹೇಳಬಲ್ಲೆ.

ಮಕ್ಕಳು ಬೆಂಚು ಹತ್ತಿ ಕುಣಿದರು. ಮೊಬೈಲು ಹಿಡಿದಿದ್ದ ಶಿಕ್ಷಕರು ಚಪ್ಪಾಳೆ ತಟ್ಟಲು ಹೋಗಿ ಮೊಬೈಲನ್ನೇ ಕೆಳಗೆ ಬೀಳಿಸಿ, ಮತ್ತೆ ಎತ್ತಿಕೊಂಡರು. “ಕಲತಾರ ನೋಡ್ರಿ, ಕಡೀಕೂ ಕಲತಾರ!” ಎಂದು ಮುಖ್ಯೋಪಾಧ್ಯಾಯಿನಿ ಕಣ್ಣು ಒರೆಸಿಕೊಂಡರು. ಹೆಸರು ಉಳಿಯಿತು ಎಂದು ನಾನು ಉಸಿರು ಬಿಟ್ಟೆ. ಈ ವಿಡಿಯೋ ಆ ವಿಡಿಯೋವನ್ನು ಅಳಿಸಿಹಾಕುತ್ತದೆ. ಇನ್ನು ಕೋಟು ಹಾಕಿಕೊಂಡು, ಜೈ ಹಿಂದ್ ಹೇಳಿ ಮುಗಿಸಿದರೆ ಆಯಿತು.

ಅವರು ಕೋಟು ಹಾಕಿಕೊಂಡರು. ಆದರೆ ಮುಗಿಸಲಿಲ್ಲ. ಹಾಲಿನ ಕೊನೆಯಲ್ಲಿ, ಬಾಗಿಲಿನ ಪಕ್ಕ, ತನ್ನ ಚಪ್ಪಲಿಗಳ ಮೇಲೆಯೇ ಕುಳಿತಿದ್ದ ಒಂದು ಹುಡುಗಿಯ ಕಡೆ ನೋಡಿದರು. ಎಲ್ಲರೂ ಕೂಗುವಾಗ ಅವಳೊಬ್ಬಳು ಕೂಗಿರಲಿಲ್ಲ. ನಾನು ಮನಸ್ಸಿನಲ್ಲೇ ಬೇಡ ಕಾಕಾ, ಇವತ್ತು ಬೇಡ ಎಂದೆ.

ಅವರು ಜೇಬಿನಿಂದ ಒಂದು ಕೆಂಪು ರಿಬ್ಬನ್ನು ತೆಗೆದರು. ಮುಷ್ಟಿಯಲ್ಲಿಟ್ಟು, ಊದಿ, ಮುಷ್ಟಿ ಬಿಡಿಸಿದರು. ರಿಬ್ಬನ್ನು ಇಲ್ಲ. ಹಾಲ್ ಕೂಗಿತು. ಹುಡುಗಿ ಕೂಗಲಿಲ್ಲ, ಆದರೆ ಕತ್ತು ಉದ್ದ ಮಾಡಿದಳು. ಬಾಯಿ ತೆರೆದಳು, ಮುಚ್ಚಿದಳು. ಪಕ್ಕದವಳನ್ನು ನೋಡಿದಳು. ಕಾಕಾ ಟ್ರಂಕಿನ ಮುಚ್ಚಳ ಹಾಕುವುದನ್ನು ಸಾಧ್ಯವಾದಷ್ಟು ತಡಮಾಡಿದರು. ಕೊಂಡಿ ಹಾಕಿದರು. ತೆಗೆದು ಮತ್ತೆ ಹಾಕಿದರು. ಅಷ್ಟರಲ್ಲಿ ಆ ಮೂಲೆಯಿಂದ ಒಂದು ತೆಳುದನಿ ಬಂತು:

“ಕಾಕಾ, ನಿಮ್ಮ ಚಪ್ಪಲ್ ಕೆಳಗ ಅದ್ರಿ.”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಕಾಕಾ ಕಾಲು ಎತ್ತಲು ಒಲ್ಲೆನೆಂದರು. ಮಕ್ಕಳು ಬಿಡಲಿಲ್ಲ. ಎತ್ತಿದರು. ರಬ್ಬರ್ ಚಪ್ಪಲಿಗೆ ಅಂಟಿಕೊಂಡು ಕೆಂಪು ರಿಬ್ಬನ್ನು ಉದ್ದಕ್ಕೆ ಬಂತು.

“ಮಾನ ಹೋತಲ್ಲೋ ಯಪ್ಪಾ!” ಎಂದು ತಲೆಯ ಮೇಲೆ ಕೈಹೊತ್ತು ಅವರು ನೆಲದ ಮೇಲೆ ಕೂತೇಬಿಟ್ಟರು. ಮೊಬೈಲು ಅದನ್ನೂ ಹಿಡಿಯಿತು. ಹುಡುಗಿಗೆ ಕುರ್ಚಿ ಬಂತು. ಅವಳು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಕೂತು, ಬೆನ್ನು ನೆಟ್ಟಗೆ ಮಾಡಿದಳು. “ಸಾಹೇಬ್ರಿಗಿ ಸಲಾಂ” ಎಂದು ಕಾಕಾ ನಿಂತಾಗ ಅವರ ಮುಖದಲ್ಲಿದ್ದ ಸಂತೋಷ, ಬ್ಯಾಗಿನಿಂದ ಮೊಟ್ಟೆ ಬಂದಾಗ ಇರಲಿಲ್ಲ.

ಮುಖ್ಯೋಪಾಧ್ಯಾಯಿನಿ ನನ್ನ ಕೈ ಹಿಡಿದು ಅಮುಕಿದರು. “ನೋಡಿದ್ರಿ? ನಾನೂ ಹಿಂಗೇ ಹಿಡದಿದ್ದೆ. ಇಡೀ ಜಿಲ್ಲಾದಾಗ ನಾವು ಮೂರೇ ಮಂದಿ.”

“ಹೌದ್ರಿ ಮೇಡಂ” ಎಂದೆ.

ಆ ಸಂಜೆ ಬಸ್ಸಿನಲ್ಲಿ ಅವರು, ಇದೇ ಕೊನೆ, ಇನ್ನು ಮೊಳಕಾಲು ಒಲ್ಲೆ ಅನ್ನುತ್ತದೆ ಎಂದರು. ಈಗ ಟ್ರಂಕು ಅವರ ಮನೆಯ ಬಾಗಿಲಲ್ಲಿ ಬೆಂಚಾಗಿದೆ. ಅದರ ಮೇಲೆ ಕೂತು ಚಾ ಕುಡಿಯುತ್ತಾರೆ, ಓಣಿಯ ಮಕ್ಕಳ ಕಿವಿಯಿಂದ ಬಟಾಣಿ ತೆಗೆಯುತ್ತಾರೆ. ಆ ವಿಡಿಯೋದ ಕೆಳಗೆ ಯಾರೂ ಗುಟ್ಟು ಬರೆದಿಲ್ಲವಲ್ಲ ಬೇಟಾ ಎಂದು ಆಗಾಗ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ. ಇದನ್ನು ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿದೆ. ಬಹಳ ಹೊತ್ತು ಯೋಚಿಸಿ, ಹಿಡಿದವರಲ್ಲಿ ಒಬ್ಬರಿಗೂ ತಮ್ಮ ಗುರುತು ಸಿಗಬಾರದು ಎಂಬ ಒಂದೇ ಷರತ್ತು ಹಾಕಿ ಒಪ್ಪಿದರು. ಹೆಸರು ಬರೆಯದೆ ಅದನ್ನು ಪಾಲಿಸಿದ್ದೇನೆ.

ಹಾಗಾಗಿ ಈ ಮೂರು ತಾಲೂಕುಗಳಲ್ಲಿ ಇದನ್ನು ಓದುವವರಿಗೆ ಒಂದು ವಿಷಯ ತಿಳಿಸಬೇಕು. ಮೇಲೆ ಬರೆದದ್ದರಲ್ಲಿ ಮೊಟ್ಟೆ ಮೊಟ್ಟೆಯಲ್ಲ, ಕಂಕುಳು ಕಂಕುಳಲ್ಲ, ರಿಬ್ಬನ್ನು, ಚಪ್ಪಲಿ ಕೂಡ ಬೇರೆ. ವಿಡಿಯೋದಲ್ಲಿ ಬಿದ್ದದ್ದೂ ಬೇರೆಯೇ. ನೀವು ಶಾಲೆಯಲ್ಲಿದ್ದಾಗ ಒಬ್ಬ ಜಾದೂಗಾರನನ್ನು ಹಿಡಿದುಕೊಟ್ಟಿದ್ದರೆ, ಕುರ್ಚಿಯ ಮೇಲೆ ಕೂತಿದ್ದರೆ, ಅವರು ಇವರಲ್ಲ. ಅವರು ಬೇರೆ ಯಾರೋ. ನೀವು ನಿಜವಾಗಿಯೂ ಹಿಡಿದಿದ್ದೀರಿ.